ನೀರಿಗೆ ಇಳಿಯುವುದು ಒಂದು ಮಾತು, ನೀರಿನಲ್ಲಿ ಹೆರುವುದು ಇನ್ನೊಂದು

ಕಳೆದ ತಿಂಗಳು ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, ನೀವು ಹೆತ್ತದ್ದು ನೀರಿನಲ್ಲೇ ಅಲ್ಲವೇ? ನನಗೂ ಹಾಗೆಯೇ ಆಗಬೇಕೆಂದು ಆಸೆ. ಹೇಗಿತ್ತು ಹೇಳಿ" ಎಂದಳು. ಅವಳಿಗೆ ಇದು ಚೊಚ್ಚಲು, ಏಳು ತಿಂಗಳು ನಡೆಯುತ್ತಿದೆ. ಹೌದೆಂದರೂ ಪೂರ್ತಿ ನಿಜವಲ್ಲ, ಅಲ್ಲವೆಂದರೂ ಪೂರ್ತಿ ನಿಜವಲ್ಲ ಎನ್ನುವಂಥ ಪ್ರಶ್ನೆಯಾದ್ದರಿಂದ ನಾನು ತುಸು ತಡವರಿಸಿದೆ. ನಾಲ್ಕು ವರ್ಷಗಳ ಹಿಂದೆ ನಾನು ಬೆಚ್ಚನೆಯ ನೀರು ತುಂಬಿದ ತೊಟ್ಟಿಯಲ್ಲಿ ಹತ್ತಿರಹತ್ತಿರ ನಾಲ್ಕು ಗಂಟೆ ನೋವು ತಿಂದಿದ್ದೇನೆ. ಆದರೆ ಮಗಳು ಹುಟ್ಟಿದ್ದು ತೊಟ್ಟಿಯಿಂದ ಮೂರು ಹೆಜ್ಜೆ ಆಚೆಗಿದ್ದ ಹಾಸಿಗೆಯ ಮೇಲೆ, ನನ್ನ ಮೈಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ.

ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೂ, ಆಗ ನೆನಪಾಗದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನೀರಿನ ಹೆರಿಗೆ ಎಂಬ ಒಂದು ಹೆಸರಿನ ಕೆಳಗೆ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಗಂಟು ಹಾಕಿಬಿಟ್ಟಿದ್ದೇವೆ. ಗರ್ಭಕೋಶದ ಬಾಯಿ ತೆರೆದುಕೊಳ್ಳುವ ಆ ಉದ್ದದ ಹೊತ್ತನ್ನು ನೀರಿನಲ್ಲಿ ಕಳೆಯುವುದು ಒಂದು. ಮಗು ನೀರಿನೊಳಗೇ ಹೊರಬರುವಂತೆ ಅಲ್ಲಿಯೇ ಕುಳಿತಿರುವುದು ಇನ್ನೊಂದು. ಮೊದಲನೆಯದರ ಲಾಭ, ಅಪಾಯ, ಪುರಾವೆ ಎಲ್ಲವೂ ಎರಡನೆಯದರವುಗಳಿಂದ ಬೇರೆ. ಚೊಚ್ಚಲು ಹೆರುವವಳು ಮೊದಲನೆಯದನ್ನು ಧಾರಾಳವಾಗಿ ಬಯಸಬಹುದು, ಎರಡನೆಯದನ್ನು ಮಾತ್ರ ಸಡಿಲವಾಗಿ ಹಿಡಿದಿರಬೇಕು ಎನ್ನುವುದು ನನ್ನ ಅಭಿಪ್ರಾಯ.

ಮೊದಲು ನೀರಿಗಿಳಿದ ಗಳಿಗೆಯನ್ನು ಹೇಳುತ್ತೇನೆ, ಏಕೆಂದರೆ ಆಸೆ ಹುಟ್ಟುವುದು ಅಲ್ಲಿಂದಲೇ. ಹಿಂದಿನ ರಾತ್ರಿಯಿಂದ ನಡೆದು, ಗೋಡೆ ಹಿಡಿದು ನಿಂತು, ಸೊಂಟವನ್ನು ಯಾರಾದರೂ ಎರಡು ಅಂಗೈಗಳಿಂದ ಒತ್ತಿ ಹಿಡಿದರೆ ಸಾಕೆನ್ನುವ ಸ್ಥಿತಿಗೆ ಬಂದಿದ್ದೆ. ಮೊದಲ ಕಾಲು ನೀರಿಗಿಟ್ಟಾಗ ಏನೂ ಅನ್ನಿಸಲಿಲ್ಲ. ಮಂಡಿಯೂರಿ ಕುಳಿತು ನೀರು ಎದೆಯ ಮಟ್ಟಕ್ಕೆ ಬಂದಾಗ, ತಿಂಗಳುಗಟ್ಟಲೆ ಹೊತ್ತುಕೊಂಡಿದ್ದ ಹೊಟ್ಟೆಯನ್ನು ಯಾರೋ ಕೆಳಗಿನಿಂದ ಕೈಕೊಟ್ಟು ಎತ್ತಿ ಹಿಡಿದಂತಾಯಿತು. ಮುಂದಿನ ಬೇನೆ ಬಂತು. ಅದರ ಬಿರುಸು ಕಡಿಮೆಯಾಗಿರಲಿಲ್ಲ, ಆದರೆ ಎರಡು ಬೇನೆಗಳ ನಡುವೆ ಸಿಕ್ಕ ಬಿಡುವಿನಲ್ಲಿ ನನ್ನ ಭುಜಗಳು ಕೆಳಗಿಳಿದವು, ಬಿಗಿಹಿಡಿದಿದ್ದ ದವಡೆ ಬಿಟ್ಟುಕೊಂಡಿತು. ತೊಟ್ಟಿಯ ಅಂಚಿನ ಮೇಲೆ ಕೆನ್ನೆಯಿಟ್ಟು ನಾನು ಎರಡು ನಿಮಿಷ ನಿದ್ದೆಯನ್ನೇ ಮಾಡಿದೆನೆಂದು ನನ್ನವರು ಇಂದಿಗೂ ಹೇಳುತ್ತಾರೆ.

ಇದರಲ್ಲಿ ಮಾಯಮಂತ್ರವೇನೂ ಇಲ್ಲ. ನೀರು ತಾನು ಬಿಟ್ಟುಕೊಟ್ಟ ಜಾಗದಲ್ಲಿದ್ದ ನೀರಿನಷ್ಟು ತೂಕವನ್ನು ಮೇಲಕ್ಕೆತ್ತುತ್ತದೆ ಎಂದು ಶಾಲೆಯಲ್ಲಿ ಆರ್ಕಿಮಿಡೀಸನ ಹೆಸರಿನಲ್ಲಿ ಓದಿದ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ನೆಲದ ಮೇಲೆ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳುವುದೇ ದೊಡ್ಡ ಕೆಲಸವಾಗಿರುವ ಹೊತ್ತಿನಲ್ಲಿ, ನೀರಿನಲ್ಲಿ ಮಂಡಿಯೂರುವುದು, ಕುಕ್ಕರಗಾಲಿನಲ್ಲಿ ಕೂರುವುದು, ಮುಂದಕ್ಕೆ ಬಾಗಿ ತೂಗಾಡುವುದು ಎಲ್ಲವೂ ಸಲೀಸಾಗುತ್ತವೆ. ಬಿಸಿಯು ಸ್ನಾಯುಗಳನ್ನು ಸಡಿಲಿಸುತ್ತದೆ. ಹೆದರಿಕೆ ತಗ್ಗಿದಾಗ ಅಡ್ರಿನಲಿನ್ ತಗ್ಗುತ್ತದೆ, ಬೇನೆಯನ್ನು ನಡೆಸುವ ಆಕ್ಸಿಟೋಸಿನ್‌ಗೆ ದಾರಿ ಸುಗಮವಾಗುತ್ತದೆ. ಜೊತೆಗೆ, ನೀರಿನ ಒತ್ತಡ ಅಂಗಾಂಶಗಳಲ್ಲಿ ನಿಂತ ದ್ರವವನ್ನು ರಕ್ತನಾಳಗಳಿಗೆ ಮರಳಿಸುವುದರಿಂದ ಮೂತ್ರ ಹೆಚ್ಚಾಗುತ್ತದೆ. ಈ ಕೊನೆಯ ಮಾತನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ತುಂಬಿದ ಮೂತ್ರಕೋಶ ಮಗುವಿನ ತಲೆಯ ದಾರಿಗೆ ಅಡ್ಡ ಬರುವುದರಿಂದ ಆಗಾಗ ಎದ್ದು ಹೋಗಲೇಬೇಕು, ಎದ್ದ ಕೂಡಲೇ ಹೊಟ್ಟೆಯ ತೂಕವೆಲ್ಲ ಮತ್ತೆ ಕೆಳಗೆ ಜಗ್ಗುತ್ತದೆ.

ತೊಟ್ಟಿಯ ಚರಿತ್ರೆಯೂ ನನ್ನ ಮಾತನ್ನೇ ಬೆಂಬಲಿಸುತ್ತದೆ ಎನ್ನಿಸುತ್ತದೆ. 1805ರಲ್ಲಿ ಫ್ರಾನ್ಸಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ ಪ್ರಕರಣದಲ್ಲಿ, ನಲವತ್ತೆಂಟು ಗಂಟೆ ನೋವು ತಿಂದು ಬಳಲಿದ್ದ ಹೆಂಗಸನ್ನು ದಣಿವಾರಲೆಂದು ಬಿಸಿನೀರಿನಲ್ಲಿ ಕೂರಿಸಿದರು. ಮಗು ಅಲ್ಲಿಯೇ ಹುಟ್ಟಿಬಿಟ್ಟಿತು. ಅದೇ ದೇಶದ ಪಿಥಿವಿಯೆ ಎಂಬ ಊರಿನ ಆಸ್ಪತ್ರೆಯಲ್ಲಿ ಮಿಶೆಲ್ ಓಡಾನ್ ಎಂಬ ವೈದ್ಯರು 1970ರ ದಶಕದಲ್ಲಿ ತೊಟ್ಟಿಯನ್ನು ಇರಿಸಿದ್ದು ನೋವು ತಗ್ಗಿಸಲೆಂದೇ ಹೊರತು ನೀರಿನೊಳಗೆ ಹೆರಿಸಲೆಂದಲ್ಲ. ಕೆಲವು ಹೆಂಗಸರು ಕೊನೆಯ ಗಳಿಗೆಯಲ್ಲಿ ಮೇಲೇಳಲು ಒಪ್ಪದೆ ಅಲ್ಲಿಯೇ ಹೆತ್ತರು. ಅಂಥ ನೂರು ಹೆರಿಗೆಗಳ ಅನುಭವವನ್ನು ಅವರು 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತಿನ ಕಣ್ಣು ಅತ್ತ ಹರಿಯಿತು. ನೀರಿನಲ್ಲಿ ಹೆರುವುದು ಹೀಗೆ ಉದ್ದೇಶಕ್ಕಿಂತ ಹೆಚ್ಚಾಗಿ ಪರಿಣಾಮವಾಗಿ ಬಂದದ್ದು. ಇಂದು ನಾವು ಪರಿಣಾಮವನ್ನೇ ಗುರಿಯಾಗಿ ಹಿಡಿದು, ಅದು ಕೈಗೂಡದಿದ್ದರೆ ಸೋತೆವೆಂದು ಅಳುತ್ತೇವೆ.

ನೋವಿನ ಹೊತ್ತಿನ ನೀರಿನ ಬಗ್ಗೆ ಇರುವ ಪುರಾವೆ ತಕ್ಕಮಟ್ಟಿಗೆ ಗಟ್ಟಿಯಾಗಿದೆ. ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ 15 ಪ್ರಯೋಗಗಳ 3,663 ಹೆಂಗಸರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಅಪಾಯದ ಲಕ್ಷಣಗಳಿಲ್ಲದ ಹೆಂಗಸರು ಗರ್ಭಕೋಶದ ಬಾಯಿ ತೆರೆಯುವ ಮೊದಲ ಹಂತವನ್ನು ನೀರಿನಲ್ಲಿ ಕಳೆದರೆ, ಬೆನ್ನಿಗೆ ಚುಚ್ಚಿ ನೋವು ತಗ್ಗಿಸುವ ಎಪಿಡ್ಯೂರಲ್‌ನಂಥ ಮದ್ದಿನ ಬಳಕೆ ಸ್ವಲ್ಪ ಇಳಿಯುತ್ತದೆಂದೂ, ತಾಯಿಗಾಗಲಿ ಮಗುವಿಗಾಗಲಿ ಕೆಡುಕು ಹೆಚ್ಚಿದ್ದು ಕಾಣಲಿಲ್ಲವೆಂದೂ ತಿಳಿದುಬಂತು. ಸ್ವಲ್ಪ ಎಂಬ ಮಾತನ್ನು ಗಮನಿಸಿ. ಆ ಇಳಿಕೆ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಸಿಸೇರಿಯನ್ ಆಗುವುದು ತಪ್ಪುತ್ತದೆಂದಾಗಲಿ, ಸಹಜ ಹೆರಿಗೆಯೇ ಖಚಿತವೆಂದಾಗಲಿ ಆ ವಿಮರ್ಶೆ ಹೇಳುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಬಸುರಿಯಾಗಿದ್ದಾಗ ಹೋಗಿದ್ದ ಒಂದು ತರಬೇತಿ ತರಗತಿಯಲ್ಲಿ, ನೀರಿಗಿಳಿದರೆ ನೋವೇ ತಿಳಿಯುವುದಿಲ್ಲವೆಂದು ಮೆತ್ತನೆಯ ದನಿಯಲ್ಲಿ ಹೇಳಿದ್ದರು. ನಾನು ಅದನ್ನು ನಂಬಿದ್ದೆ. ತೊಟ್ಟಿಯಲ್ಲಿ ಮೂರನೆಯ ಗಂಟೆ ಕಳೆಯುತ್ತಿದ್ದಾಗ ನೋವು ಸೊಂಟದಿಂದ ತೊಡೆಗಿಳಿದು ನಾನು ಕೂಗತೊಡಗಿದೆ, ಹಾಗೆ ಕೂಗುವಾಗ ನನ್ನಲ್ಲೇ ಏನೋ ಕೊರತೆಯಿದೆ ಎನ್ನುವ ನಾಚಿಕೆಯೂ ಆಯಿತು. ನೋವಿಗಿಂತ ಆ ನಾಚಿಕೆಯ ಬಗ್ಗೆಯೇ ನನಗೆ ಈಗಲೂ ಸಿಟ್ಟಿದೆ. ನೀರು ನೋವನ್ನು ಅಳಿಸುವುದಿಲ್ಲ; ಅದನ್ನು ತಡೆದುಕೊಳ್ಳಲು ಬೇಕಾದ ಬಿಡುವನ್ನು ಕೊಡುತ್ತದೆ. ಅದು ಸಾಲದೆನ್ನಿಸಿದವಳು ಎದ್ದು ಬಂದು ಎಪಿಡ್ಯೂರಲ್ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಎಪಿಡ್ಯೂರಲ್ ಕೊಟ್ಟ ಮೇಲೆ ನೀರಿಗೆ ಮರಳುವಂತಿಲ್ಲ, ಮಾರ್ಫಿನ್ ಜಾತಿಯ ಚುಚ್ಚುಮದ್ದು ಕೊಟ್ಟರೆ ಕನಿಷ್ಠ ಎರಡು ಗಂಟೆ ನೀರಿಗಿಳಿಯುವಂತಿಲ್ಲ, ಮಂಪರು ಹೋಗದಿದ್ದರೆ ಆಮೇಲೂ ಇಲ್ಲ.

ಯಾವಾಗ ಇಳಿಯಬೇಕು ಎನ್ನುವುದು ಚೊಚ್ಚಲಿನವರಿಗೆ ಹೆಚ್ಚು ಮುಖ್ಯವಾದ ಪ್ರಶ್ನೆ. ಎರಡನೆಯ, ಮೂರನೆಯ ಹೆರಿಗೆಯವರು ಇಳಿದ ಸ್ವಲ್ಪ ಹೊತ್ತಿಗೇ ಹೆರುವುದುಂಟು. ಚೊಚ್ಚಲಿನಲ್ಲಿ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯ ಪ್ರಕಾರ ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲಷ್ಟೇ ಹೆರಿಗೆಯ ಬಿರುಸಿನ ಹಂತ ಆರಂಭವಾಗುತ್ತದೆ. ಅಲ್ಲಿಂದ ಪೂರ್ತಿ ತೆರೆಯುವವರೆಗೆ ಚೊಚ್ಚಲಿನವರಿಗೆ ಹನ್ನೆರಡು ಗಂಟೆಯವರೆಗೂ, ಆಮೇಲೆ ಮುಕ್ಕುವ, ಅಂದರೆ ಮಗುವನ್ನು ಹೊರದೂಡುವ, ಹಂತಕ್ಕೆ ಮೂರು ಗಂಟೆಯವರೆಗೂ ಹಿಡಿಯಬಹುದು. ಇಷ್ಟು ಉದ್ದದ ದಾರಿಯಲ್ಲಿ ನೀರನ್ನು ಆರಂಭದಲ್ಲೇ ಖರ್ಚು ಮಾಡಿಕೊಂಡರೆ ಮುಂದಕ್ಕೆ ಉಳಿಯುವುದಿಲ್ಲ. ಬೇನೆ ಇನ್ನೂ ಹದಕ್ಕೆ ಬರುವ ಮೊದಲೇ ಬಿಸಿನೀರಿನಲ್ಲಿ ಕುಳಿತರೆ ಬೇನೆಗಳ ನಡುವಿನ ಅಂತರ ಹೆಚ್ಚಿ ಅವು ಸಡಿಲವಾಗುವುದುಂಟು. ನನ್ನನ್ನು ನೋಡಿಕೊಳ್ಳುತ್ತಿದ್ದ ತರಬೇತಾದ ಸೂಲಗಿತ್ತಿ, ಅಂದರೆ ಮಿಡ್‌ವೈಫ್, ಒಂದು ಮಾತನ್ನು ಮುಗಿಸಲಾಗದಷ್ಟು ಬೇನೆ ಬಿಗಿಯಾಗುವವರೆಗೆ ಇಳಿಯಬೇಡವೆಂದರು. ಆಗ ಕಟುವೆನ್ನಿಸಿದ ಆ ಮಾತು ಮುಂದೆ ನನ್ನನ್ನು ಕಾಪಾಡಿತು. ಒಂದು ವೇಳೆ ಬೇಗ ಇಳಿದು ಬೇನೆ ಸಡಿಲವಾದರೂ ಗಾಬರಿಪಡಬೇಕಿಲ್ಲ, ಎದ್ದು ನಾಲ್ಕು ಹೆಜ್ಜೆ ನಡೆದರೆ ಸಾಮಾನ್ಯವಾಗಿ ಅದು ಮರಳಿ ಹಿಡಿಯುತ್ತದೆ.

ನೀರಿನಲ್ಲಿ ಕುಳಿತವಳ ಪಕ್ಕದಲ್ಲಿ ನಡೆಯುವ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಮಿಡ್‌ವೈಫ್ ನೀರಿನೊಳಗೂ ಕೆಲಸ ಮಾಡುವ ಪುಟ್ಟ ಡಾಪ್ಲರ್ ಯಂತ್ರವನ್ನು ಹದಿನೈದು ನಿಮಿಷಕ್ಕೊಮ್ಮೆ, ಬೇನೆ ಇಳಿದ ಕೂಡಲೇ, ಹೊಟ್ಟೆಗೆ ಹಿಡಿದು ಪೂರ್ತಿ ಒಂದು ನಿಮಿಷ ಮಗುವಿನ ಎದೆಬಡಿತವನ್ನು ಕೇಳುತ್ತಿದ್ದರು. ಮುಕ್ಕುವ ಹಂತಕ್ಕೆ ಬಂದ ಮೇಲೆ ಐದು ನಿಮಿಷಕ್ಕೊಮ್ಮೆ. ಗಂಟೆಗೊಮ್ಮೆ ನನ್ನ ಮೈಬಿಸಿಯನ್ನೂ ನೀರಿನ ಬಿಸಿಯನ್ನೂ ನೋಡಿ ಹಾಳೆಯ ಮೇಲೆ ಬರೆಯುತ್ತಿದ್ದರು. ನೀರು 37.5 ಡಿಗ್ರಿ ಸೆಲ್ಸಿಯಸ್ ದಾಟಬಾರದೆನ್ನುವುದು ಚಿಕಿತ್ಸೆಯ ಮಾನದಂಡಗಳನ್ನು ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ. ತಾಯಿಯ ಮೈ ಕಾದರೆ ಹೊಟ್ಟೆಯೊಳಗಿನ ಮಗುವಿಗೆ ಆ ಬಿಸಿಯನ್ನು ಹೊರಹಾಕಲು ಬೇರೆ ದಾರಿಯಿಲ್ಲ. ಅದರ ಎದೆಬಡಿತ ಏರತೊಡಗುತ್ತದೆ. ಹಾಗಾಗಿ ಕೈಗೆ ಹಿತವಾಗಿದೆಯೇ ಎಂದು ಅಂದಾಜಿನಲ್ಲಿ ನೋಡುವುದು ಸಾಲದು, ಥರ್ಮಾಮೀಟರ್ ಬೇಕೇ ಬೇಕು. ಗುಟುಕು ಗುಟುಕಾಗಿ ನೀರು ಕುಡಿಯುತ್ತಲೂ ಇರಬೇಕು.

ಇನ್ನು ಎರಡನೆಯ ಸಂಗತಿ, ಅಂದರೆ ನೀರಿನೊಳಗೇ ಹೆರುವುದು. ಮಗು ನೀರು ಕುಡಿದುಬಿಡುವುದಿಲ್ಲವೇ ಎನ್ನುವುದು ಎಲ್ಲರೂ ಕೇಳುವ ಪ್ರಶ್ನೆ, ಕೇಳಬೇಕಾದ ಪ್ರಶ್ನೆಯೂ ಹೌದು. ಗರ್ಭದಲ್ಲಿರುವ ಮಗುವಿನ ಶ್ವಾಸಕೋಶದಲ್ಲಿ ದ್ರವ ತುಂಬಿರುತ್ತದೆ, ಅದಕ್ಕೆ ಬೇಕಾದ ಆಮ್ಲಜನಕ ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಹುಟ್ಟಿದ ಕೂಡಲೇ ಮುಖಕ್ಕೆ ತಾಕುವ ತಣ್ಣನೆಯ ಗಾಳಿ, ಮೈಮೇಲಿನ ಸ್ಪರ್ಶ, ಬಳ್ಳಿಯಿಂದ ಬರುವ ಆಮ್ಲಜನಕದಲ್ಲಿ ಆಗುವ ಇಳಿಕೆ ಇವೆಲ್ಲ ಸೇರಿ ಅದರ ಮೊದಲ ಉಸಿರನ್ನು ಎಬ್ಬಿಸುತ್ತವೆ. ಗರ್ಭದೊಳಗಿನಷ್ಟೇ ಬೆಚ್ಚಗಿರುವ ನೀರಿನಿಂದ ನೀರಿಗೆ ಬಂದ ಆರೋಗ್ಯವಂತ ಮಗುವಿಗೆ ಆ ಸೂಚನೆ ಇನ್ನೂ ಸಿಕ್ಕಿರುವುದಿಲ್ಲ. ಜೊತೆಗೆ ಗಂಟಲಿಗೆ ನೀರು ತಗುಲಿದರೆ ದಾರಿ ಮುಚ್ಚಿಕೊಳ್ಳುವ ಒಂದು ಸಹಜ ಪ್ರತಿಕ್ರಿಯೆಯೂ ಅದಕ್ಕಿದೆ. ಹಾಗಾಗಿ ನಿಧಾನವಾಗಿ, ಆದರೆ ತಡಮಾಡದೆ ಮೇಲೆತ್ತಿ ತಾಯಿಯ ಎದೆಗೊರಗಿಸಿದಾಗ ಅದು ಗಾಳಿಯಲ್ಲಿ ಮೊದಲ ಉಸಿರೆಳೆಯುತ್ತದೆ.

ಆದರೆ ಈ ವಿವರಣೆ ನಿಂತಿರುವುದು ಆರೋಗ್ಯವಂತ ಎಂಬ ಒಂದು ಪದದ ಮೇಲೆ. ಹೊಟ್ಟೆಯೊಳಗೇ ಆಮ್ಲಜನಕದ ಕೊರತೆಯಿಂದ ಬಳಲಿದ ಮಗು ಈ ತಡೆಯನ್ನೆಲ್ಲ ಮೀರಿ ನೀರಿನೊಳಗೇ ಏದುಸಿರು ಎಳೆದುಕೊಳ್ಳಬಹುದು. ಎದೆಬಡಿತದಲ್ಲಿ ಸಂಶಯ ಬಂದ ಕೂಡಲೇ ತಾಯಿಯನ್ನು ಎಬ್ಬಿಸುವುದು ಈ ಕಾರಣಕ್ಕೆ. ಮಗು ಹೊಟ್ಟೆಯಲ್ಲೇ ಕಕ್ಕಸು ಮಾಡಿ ಗರ್ಭದ ನೀರು ದಟ್ಟವಾಗಿ ಹಸಿರುಗಟ್ಟಿದ್ದರೆ ಎಬ್ಬಿಸುವುದೂ ಇದಕ್ಕೇ. ತಲೆ ಹೊರಬರುವಾಗ ನೀರಿನೊಳಗೆ ಕೈಹಾಕಿ ಮುಟ್ಟದಿರುವುದು, ತಾಯಿಯ ಸೊಂಟ ಒಂದೋ ಪೂರ್ತಿ ನೀರಿನೊಳಗೆ ಇಲ್ಲವೇ ಪೂರ್ತಿ ಹೊರಗೆ ಇರುವಂತೆ ನೋಡಿಕೊಳ್ಳುವುದು, ಒಮ್ಮೆ ಗಾಳಿ ತಾಕಿದ ತಲೆಯನ್ನು ಮತ್ತೆ ನೀರಿಗೆ ಇಳಿಸದಿರುವುದು, ಇವೆಲ್ಲ ಅದೇ ಲೆಕ್ಕದ ನಿಯಮಗಳು. ನೀರಿಗಿಳಿದವನಿಗೆ ಚಳಿಯೇನು ಮಳೆಯೇನು ಎಂಬ ಗಾದೆ ಇಲ್ಲಿಗೆ ಸಲ್ಲದು, ಇಲ್ಲಿ ಚಳಿಯೇ ದೊಡ್ಡ ವಿಷಯ. ಮಗುವನ್ನು ನೀರಿನೊಳಗೇ ತೇಲಲು ಬಿಟ್ಟು ನಿಧಾನವಾಗಿ ಚಿತ್ರೀಕರಿಸಿದ ವೀಡಿಯೊಗಳನ್ನು ನೀವು ನೋಡಿರಬಹುದು. ಅವುಗಳನ್ನು ನೋಡಿದಾಗ ನನಗೆ ಆನಂದಕ್ಕಿಂತ ಕಳವಳವೇ ಹೆಚ್ಚಾಗುತ್ತದೆ.

ಈ ಎರಡನೆಯ ಸಂಗತಿಯ ಬಗ್ಗೆ ತಜ್ಞರ ಸಂಸ್ಥೆಗಳೇ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2016ರಲ್ಲಿ ಕೊಟ್ಟ ಅಭಿಪ್ರಾಯದಲ್ಲಿ, 37 ವಾರ ತುಂಬಿ 42 ವಾರ ತುಂಬದ, ತೊಡಕಿಲ್ಲದ ಹೆಂಗಸರಿಗೆ ಮೊದಲ ಹಂತದಲ್ಲಿ ನೀರನ್ನು ಒದಗಿಸಬಹುದು, ಆದರೆ ಹೆರಿಗೆ ಮಾತ್ರ ನೆಲದ ಮೇಲೆ ಆಗಲಿ ಎಂದಿತು. ಬ್ರಿಟನ್ನಿನಲ್ಲಿ ಪ್ರಸೂತಿ ತಜ್ಞರ ಕಾಲೇಜು ಮತ್ತು ಮಿಡ್‌ವೈಫ್‌ಗಳ ಕಾಲೇಜು ಜಂಟಿಯಾಗಿ 2006ರಲ್ಲೇ ತೊಡಕಿಲ್ಲದವರಿಗೆ ನೀರಿನ ಆಯ್ಕೆಯನ್ನು ಬೆಂಬಲಿಸಿದ್ದವು. ನೀರಿನಲ್ಲಿ ಹೆರುವವರು ಯಾರು, ಹೊರಗೆ ಹೆರುವವರು ಯಾರು ಎಂದು ಚೀಟಿ ಎತ್ತಿ ಹಂಚುವ ಪ್ರಯೋಗ ಇದರಲ್ಲಿ ಕಷ್ಟ, ಏಕೆಂದರೆ ಆ ಗಳಿಗೆಯಲ್ಲಿ ಹೆಂಗಸರು ಚೀಟಿಯ ಮಾತು ಕೇಳುವುದಿಲ್ಲ. ಹೀಗಾಗಿ ಪುರಾವೆಯ ಕೊರತೆಯನ್ನು ಒಬ್ಬರು ಬೇಡವೆನ್ನಲು, ಇನ್ನೊಬ್ಬರು ಅಡ್ಡಿಯಿಲ್ಲವೆನ್ನಲು ಬಳಸಿಕೊಂಡರು.

2024ರಲ್ಲಿ ಪೂಲ್ ಎಂಬ ಹೆಸರಿನ ಅಧ್ಯಯನದ ಫಲಿತಾಂಶ ಬಂದ ಮೇಲೆ ಈ ಕೊರತೆ ಕೊಂಚ ತುಂಬಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೆರಿಗೆಯ ಹೊತ್ತಿನಲ್ಲಿ ತೊಟ್ಟಿಯನ್ನು ಬಳಸಿದ, ಅಪಾಯದ ಲಕ್ಷಣಗಳಿಲ್ಲದ 60,000ಕ್ಕೂ ಹೆಚ್ಚು ಹೆಂಗಸರ ದಾಖಲೆಗಳಲ್ಲಿ, ನೀರಿನಲ್ಲೇ ಹೆತ್ತವರನ್ನೂ ಎದ್ದು ಬಂದು ಹೆತ್ತವರನ್ನೂ ಹೋಲಿಸಿದರು. ಚೊಚ್ಚಲು ಹೆತ್ತವರಲ್ಲಿ ಗುದದ ಸ್ನಾಯುವಿನವರೆಗೂ ಹರಿಯುವ ತೀವ್ರ ಗಾಯ ನೀರಿನಲ್ಲಿ ಹೆತ್ತವರಿಗೆ ಶೇಕಡ 4.8, ಹೊರಗೆ ಹೆತ್ತವರಿಗೆ ಶೇಕಡ 5.3. ಮಗುವಿನ ಮಟ್ಟಿಗೂ ನೀರು ಅಪಾಯವನ್ನು ಹೆಚ್ಚಿಸಿದ್ದು ಕಾಣಲಿಲ್ಲ. ಹಾಗೆಂದು ಈ ಅಂಕಿಗಳನ್ನು ಹಿಡಿದು ನೀರೇ ಮೇಲೆನ್ನುವುದು ಸರಿಯಲ್ಲ, ಎಲ್ಲವೂ ನೆಟ್ಟಗೆ ಸಾಗಿದವರೇ ನೀರಿನಲ್ಲಿ ಉಳಿದಿರುವ ಸಾಧ್ಯತೆ ಇದ್ದೇ ಇರುತ್ತದೆ. ತರಬೇತಾದ ಮಿಡ್‌ವೈಫ್, ಅಳೆದ ನೀರು, ಹತ್ತಿರದಲ್ಲೇ ತುರ್ತು ವ್ಯವಸ್ಥೆ ಇರುವ ಕಡೆ ನೀರಿನಲ್ಲಿ ಹೆರುವುದು ಹೊರಗೆ ಹೆರುವುದಕ್ಕಿಂತ ಕೆಟ್ಟದ್ದೇನಲ್ಲ ಎಂಬಷ್ಟನ್ನು ಮಾತ್ರ ನಾನು ಅದರಿಂದ ತೆಗೆದುಕೊಳ್ಳುತ್ತೇನೆ.

ನೀರಿಗೇ ವಿಶೇಷವಾದ ಅಪಾಯಗಳೂ ಇವೆ. ಮಗುವನ್ನು ಮೇಲೆತ್ತುವ ಅವಸರದಲ್ಲಿ ಗಿಡ್ಡ ಹೊಕ್ಕುಳಬಳ್ಳಿ ಕಿತ್ತುಬರುವುದು ನೀರಿನ ಹೆರಿಗೆಯಲ್ಲಿ ಹೆಚ್ಚು, ಸುಮಾರು ನೂರರಲ್ಲಿ ಒಂದರಷ್ಟು. ಕ್ಲಿಪ್ ಕೈಗೆಟುಕುವಂತಿದ್ದು ಕೂಡಲೇ ಹಿಡಿದರೆ ಸಾಮಾನ್ಯವಾಗಿ ಕೆಡುಕಾಗುವುದಿಲ್ಲ, ತಿಳಿಯದೇ ಹೋದರೆ ಮಗು ರಕ್ತ ಕಳೆದುಕೊಳ್ಳುತ್ತದೆ. ನೀರಿನಲ್ಲಿ ಬೆರೆತ ರಕ್ತ ಎಷ್ಟೆಂದು ಅಂದಾಜು ಮಾಡುವುದು ಕಷ್ಟ. ಅದಕ್ಕೇ ಅನೇಕ ಕಡೆ ಮಾಸು ಬೀಳುವ ಹೊತ್ತಿಗೆ ತಾಯಿಯನ್ನು ಮೇಲೆ ಕರೆದುಕೊಳ್ಳುತ್ತಾರೆ. ಸೋಂಕಿನ ಮಾತಿಗೆ ಬಂದರೆ, ಮೊದಲೇ ತುಂಬಿಸಿ ಬಿಸಿ ಕಾಯ್ದುಕೊಂಡು ನೀರನ್ನು ಸುತ್ತಿಸುತ್ತಲೇ ಇರುವ ತೊಟ್ಟಿಗಳಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಲೀಜನೆಲ್ಲ ಬ್ಯಾಕ್ಟೀರಿಯಾ ಬೆಳೆಯಬಲ್ಲದು. 2014ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ತೊಟ್ಟಿಯಲ್ಲಿ ಮನೆಯಲ್ಲೇ ಹುಟ್ಟಿದ ಒಂದು ಮಗುವಿಗೆ ಈ ಸೋಂಕು ತಗುಲಿದಾಗ ಅಲ್ಲಿನ ಆರೋಗ್ಯ ಇಲಾಖೆ ಎಚ್ಚರಿಕೆ ಹೊರಡಿಸಿತು. 2016ರಲ್ಲಿ ಅಮೆರಿಕದ ಅರಿಜೋನಾದಲ್ಲಿಯೂ ಎರಡು ಮಕ್ಕಳಿಗೆ ಹೀಗಾಯಿತು. ನೋವು ಆರಂಭವಾದ ಮೇಲೆ ತುಂಬಿಸಿ, ಮುಗಿದ ಕೂಡಲೇ ಚೆಲ್ಲುವ ತೊಟ್ಟಿಗೆ ಈ ಭಯ ಬಹಳ ಕಡಿಮೆ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಮುಕ್ಕುವಾಗ ಮಲ ಹೋಗುತ್ತದೆ. ನೆಲದ ಮೇಲಾದರೆ ಯಾರೋ ಸದ್ದಿಲ್ಲದೆ ಒರೆಸುತ್ತಾರೆ, ನೀರಿನಲ್ಲಾದರೆ ತೇಲುತ್ತದೆ. ನಮ್ಮ ಮಿಡ್‌ವೈಫ್ ಹತ್ತಿರ ಉದ್ದ ಹಿಡಿಯ ಪುಟ್ಟ ಜರಡಿಯೊಂದಿತ್ತು. ಅವರು ನನ್ನವರೊಡನೆ ಏನೋ ಮಾತನಾಡುತ್ತಲೇ, ಹಾಲಿನ ಕೆನೆ ತೆಗೆಯುವಷ್ಟು ಸಹಜವಾಗಿ ಅದನ್ನು ಎತ್ತಿ ಪಕ್ಕದ ಬುಟ್ಟಿಗೆ ಹಾಕಿದರು. ನಾನು ಅಷ್ಟು ಹೊತ್ತು ಹೆದರುತ್ತಿದ್ದುದು ಅದೊಂದಕ್ಕೇ.

ಎಲ್ಲರಿಗೂ ನೀರು ಸಲ್ಲುವುದಿಲ್ಲ. ರಕ್ತದೊತ್ತಡ ಏರಿದವರು, ಅವಳಿ ಹೊತ್ತವರು, ಮಗು ಕಾಲು ಕೆಳಗಾಗಿ ಕುಳಿತಿರುವವರು, 37 ವಾರ ತುಂಬುವ ಮೊದಲೇ ನೋವು ಬಂದವರು, ರಕ್ತಸ್ರಾವವಿರುವವರು, ಜ್ವರ ಬಂದವರು, ಮೂರ್ಛೆರೋಗವಿರುವವರು ನೀರಿನ ಆಸೆಯನ್ನು ಬಿಡಬೇಕಾಗುತ್ತದೆ. ಮಗುವಿನ ಎದೆಬಡಿತವನ್ನು ಬಿಡುವಿಲ್ಲದೆ ಗಮನಿಸಬೇಕಾದ ಕಾರಣವಿದ್ದರೆ, ನೀರಿನಲ್ಲೂ ನಡೆಯುವ ತಂತಿಯಿಲ್ಲದ ಯಂತ್ರ ಇದೆಯೇ ಎಂದು ಕೇಳಬಹುದು. ಉಳಿದದ್ದನ್ನು ನಿಮ್ಮ ಡಾಕ್ಟರರೇ ನಿಮ್ಮ ಕಡತ ನೋಡಿ ಹೇಳಬೇಕು, ನಾನಲ್ಲ.

ಚೊಚ್ಚಲಿನವರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕಾದ ಅಂಕಿ ಬೇರೆಯದೇ ಇದೆ, ಅದು ನೀರಿಗೆ ನೇರವಾಗಿ ಸಂಬಂಧಿಸಿದ್ದಲ್ಲ. ಇಂಗ್ಲೆಂಡಿನಲ್ಲಿ ಹೆರಿಗೆಯ ಸ್ಥಳಗಳ ಬಗ್ಗೆ ನಡೆದು 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮನೆಯಲ್ಲಿ ಹೆರಲು ತೊಡಗಿದ ಚೊಚ್ಚಲಿನವರಲ್ಲಿ ಶೇಕಡ 45ರಷ್ಟು ಮಂದಿಯನ್ನು ಹೆರಿಗೆಯ ನಡುವೆ ಇಲ್ಲವೇ ಹೆತ್ತ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕಾಯಿತು. ಆಸ್ಪತ್ರೆಯ ಆವರಣದಲ್ಲೇ ಇರುವ ಮಿಡ್‌ವೈಫ್ ಕೇಂದ್ರಗಳಿಂದಲೂ ಸುಮಾರು ಶೇಕಡ 40ರಷ್ಟು ಮಂದಿ ಹೆರಿಗೆ ವಾರ್ಡಿಗೆ ಹೋದರು. ಬಹುಪಾಲು ಸಲ ಕಾರಣ ಭೀಕರವಾದದ್ದಲ್ಲ, ಹೆರಿಗೆ ಮುಂದೆ ಸಾಗದಿರುವುದು ಅಥವಾ ಎಪಿಡ್ಯೂರಲ್ ಬೇಕೆನ್ನಿಸುವುದು. ಆದರೆ ಮನೆಯಲ್ಲಿ ಹೆರಲು ತೊಡಗಿದ ಚೊಚ್ಚಲಿನವರ ಮಕ್ಕಳಲ್ಲಿ ಗಂಭೀರ ತೊಂದರೆ ಸಾವಿರಕ್ಕೆ 9.3, ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 5.3 ಎಂದು ಅದೇ ಅಧ್ಯಯನ ಹೇಳಿತು. ಮೊದಲೇ ಹೆತ್ತವರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಗಾಳಿ ತುಂಬುವ ತೊಟ್ಟಿಯೊಂದನ್ನು ತರಿಸಿಕೊಂಡು ಮನೆಯಲ್ಲೇ ಹೆರುತ್ತೇನೆ ಎನ್ನುವ ಚೊಚ್ಚಲ ಬಸುರಿಗೆ ನಾನು ಬೇಡವೆಂದೇ ಹೇಳುತ್ತೇನೆ. ತರಬೇತಾದವರು ಯಾರೂ ಇಲ್ಲದೆ ಎಂದರಂತೂ ಆ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು.

ಅಂದರೆ ಚೊಚ್ಚಲಿನವಳು ಎದ್ದು ಬರಬೇಕಾಗುವುದು ಅಪರೂಪವೇನಲ್ಲ. ನಾನು ಎದ್ದು ಬಂದದ್ದು ಹೀಗೆ. ಮುಕ್ಕಲು ತೊಡಗಿ ನಲವತ್ತು ನಿಮಿಷವಾಗಿತ್ತು. ಬೇನೆ ಇಳಿದ ಮೇಲೆ ಡಾಪ್ಲರಿನಲ್ಲಿ ಕೇಳುತ್ತಿದ್ದ ಟಕಟಕ ಸದ್ದು ನಿಧಾನವಾಗಿ, ಮತ್ತೆ ಮೊದಲಿನ ವೇಗಕ್ಕೆ ಬರಲು ಹೊತ್ತು ತೆಗೆದುಕೊಂಡಿತು. ಮಿಡ್‌ವೈಫ್ ಇನ್ನೊಂದು ಬೇನೆಯವರೆಗೆ ಕಾದರು, ಮತ್ತೆ ಹಾಗೆಯೇ ಆಯಿತು. ಅವರು ದನಿ ಏರಿಸಲಿಲ್ಲ. ನನ್ನ ಮುಖದ ಹತ್ತಿರ ಬಗ್ಗಿ, "ಈಗ ಎದ್ದು ನಿಲ್ಲಬೇಕಮ್ಮ, ಈ ಬೇನೆ ಬಿಟ್ಟ ಕೂಡಲೇ" ಎಂದರು. ನಾನು ಆಗುವುದಿಲ್ಲವೆಂದೆ. ಆಗುತ್ತದೆ ಎಂದವರೇ ನನ್ನ ಒಂದು ಕಂಕುಳಿಗೆ ಕೈಕೊಟ್ಟರು, ಇನ್ನೊಂದಕ್ಕೆ ನನ್ನವರು. ಯಾರೋ ಒಬ್ಬರು ನೆಲದ ಮೇಲೆ ಒಣ ಬಟ್ಟೆ ಹಾಸಿದರು, ನನ್ನ ಕಾಲು ಅದರ ಮೇಲೇ ಬಿತ್ತು. ಹಾಸಿಗೆಯ ಮೇಲೆ ಮಗ್ಗುಲಾಗಿ ಮಲಗಿ ಮೂರು ಸಲ ಮುಕ್ಕಿದೆ. ಮಗಳು ಹುಟ್ಟಿದಳು, ಬಳ್ಳಿ ಕುತ್ತಿಗೆಗೆ ಒಂದು ಸುತ್ತು ಸುತ್ತಿತ್ತು, ಬಿಡಿಸಿದ ಕೂಡಲೇ ಅತ್ತಳು.

ತೊಟ್ಟಿ ಇರುವ ಹೆರಿಗೆ ಕೇಂದ್ರವನ್ನು ನೋಡಲು ಹೋದಾಗ ಎಲ್ಲರೂ ದೀಪಗಳ ಮಂದ ಬೆಳಕನ್ನೂ ತೊಟ್ಟಿಯ ಅಗಲವನ್ನೂ ನೋಡಿ ಬರುತ್ತಾರೆ. ನಾದಿನಿಗೆ ನಾನು ಹೇಳಿದ್ದು, ಇಳಿಯುವುದನ್ನು ಕೇಳಬೇಡ, ಎದ್ದು ಬರುವುದನ್ನು ಕೇಳು ಎಂದು. ತಾಯಿಗೆ ತಲೆಸುತ್ತು ಬಂದು ನೀರಿನಲ್ಲಿ ಕುಸಿದರೆ ಯಾರು, ಹೇಗೆ ಎತ್ತುತ್ತೀರಿ? ಎತ್ತುವ ಬಲೆ ಎಲ್ಲಿದೆ, ಅದನ್ನು ಹಿಡಿದು ಕೊನೆಯ ಸಲ ಅಭ್ಯಾಸ ಮಾಡಿದ್ದು ಯಾವಾಗ? ಮಗುವಿನ ಭುಜ ಸಿಕ್ಕಿಕೊಂಡರೆ ಏನು ಮಾಡುತ್ತೀರಿ? ರಾತ್ರಿ ಎರಡು ಗಂಟೆಗೆ ಎಷ್ಟು ಜನ ಇರುತ್ತೀರಿ? ಆಪರೇಷನ್ ಥಿಯೇಟರು ಇದೇ ಕಟ್ಟಡದಲ್ಲಿದೆಯೇ? ಈ ಪ್ರಶ್ನೆಗಳಿಗೆ ಬೇಸರಪಟ್ಟುಕೊಂಡು, ಒಳ್ಳೆಯದನ್ನೇ ಯೋಚಿಸಿ ಎಂದು ನಗುವವರ ತೊಟ್ಟಿ ಎಷ್ಟೇ ಚೆಂದವಿದ್ದರೂ ಬೇಡ. ಬಲೆಯನ್ನು ಬೀರುವಿನಿಂದ ತೆಗೆದು ನಿಮ್ಮ ಮುಂದೆ ಹರಡುವವರನ್ನು ನಂಬಬಹುದು.

ಜೊತೆಗಿರುವವರಿಗೂ ಒಂದು ಮಾತು. ಗಂಡನಾಗಲಿ, ತಾಯಿಯಾಗಲಿ, ಅಕ್ಕನಾಗಲಿ, ತೊಟ್ಟಿಯ ಹೊರಗಿನಿಂದ ಮಾಡಬಹುದಾದ ಕೆಲಸ ಬಹಳವಿದೆ: ನೀರು ಕುಡಿಸುವುದು, ಹಣೆಗೆ ಒದ್ದೆ ಬಟ್ಟೆ ಇಡುವುದು, ಬಿಸಿ ಎಷ್ಟಿದೆಯೆಂದು ಆಗಾಗ ಕೇಳುವುದು. ಎಲ್ಲಕ್ಕಿಂತ ಹೆಚ್ಚಾಗಿ, ಎದ್ದು ಬಾ ಎಂದು ಮಿಡ್‌ವೈಫ್ ಹೇಳಿದಾಗ, ಅವಳು ನೀರಿನಲ್ಲೇ ಹೆರಬೇಕೆಂದಿದ್ದಳಲ್ಲ ಎಂದು ವಾದಕ್ಕೆ ನಿಲ್ಲದಿರುವುದು. ಈ ವಿಷಯವನ್ನು ನಾನೂ ನನ್ನವರೂ ಮೊದಲೇ ಮಾತನಾಡಿಕೊಂಡಿದ್ದೆವು, ಹಾಗಾಗಿ ಆ ಗಳಿಗೆಯಲ್ಲಿ ಅವರು ಪ್ರಶ್ನೆ ಕೇಳದೆ ಕೈಕೊಟ್ಟರು.

ನಿನ್ನೆ ಸಂಜೆ ನಾದಿನಿ ಮತ್ತೆ ಫೋನ್ ಮಾಡಿದ್ದಳು. ಗಂಡಹೆಂಡತಿ ಇಬ್ಬರೂ ಹೋಗಿ ಕೇಂದ್ರವನ್ನು ನೋಡಿಕೊಂಡು ಬಂದಿದ್ದಾರೆ. ಎತ್ತುವ ಬಲೆಯ ಬಗ್ಗೆ ಕೇಳಿದ ಕೂಡಲೇ ಅಲ್ಲಿನ ಹಿರಿಯ ಮಿಡ್‌ವೈಫ್ ಎದ್ದು, ಇನ್ನೂ ಮೂವರನ್ನು ಕರೆದರಂತೆ. "ಇವರನ್ನೇ ಖಾಲಿ ತೊಟ್ಟಿಯಲ್ಲಿ ಮಲಗಿಸಿ, ಬಲೆ ಹಾಕಿ ಎತ್ತಿ ತೋರಿಸಿದರು ಅತ್ತಿಗೆ" ಎಂದು ಹೇಳುವಾಗ ಅವಳಿಗೆ ನಗು ತಡೆಯುತ್ತಿರಲಿಲ್ಲ. ಹಿಂದಿನಿಂದ ಅವಳ ಗಂಡನ ದನಿಯೂ ಕೇಳಿಸಿತು: ಎತ್ತಿದ್ದು ಸರಿಯಾಗಿಯೇ ಎತ್ತಿದರು, ಆದರೆ ಇಳಿಸುವಾಗ ಮೊಣಕೈ ತರಚಿತು ಎಂದು.